ಡೈಪರ್ ಬಿಟ್ಟ ಮೇಲೆ ಹಡಗು: ಮೈಸೂರಿನ ಒಂದು ಕುಟುಂಬದ ಮೊದಲ ಕ್ರೂಸ್

ಅಪ್ಪ, ಅಮ್ಮ, ಒಬ್ಬಳು ಪುಟ್ಟ ಮಗಳು, ಜೊತೆಗೆ 66 ವರ್ಷದ ಅಜ್ಜಿ. ಮೈಸೂರಿನ ಕುಟುಂಬ. ಮಗುವಿನ ಚಿಕ್ಕಪ್ಪ ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾರೆ. ಅವರನ್ನು ನೋಡಿದ ಹಾಗೂ ಆಗುತ್ತದೆ, ಹಡಗಿನಲ್ಲಿ ನಾಲ್ಕು ದಿನ ಕಳೆದ ಹಾಗೂ ಆಗುತ್ತದೆ ಅಂತ ಇವರ ಲೆಕ್ಕ. ನಾನು ಪ್ರವಾಸ ಏರ್ಪಡಿಸುವ ಕೆಲಸದಲ್ಲಿದ್ದೇನೆ. ಅವರು ನನ್ನ ಹತ್ತಿರ ಬಂದಾಗ ಅಕ್ಟೋಬರ್. ಮಗುವಿಗೆ 2 ವರ್ಷ 9 ತಿಂಗಳು. ಮನೆಯಲ್ಲಿ ಯಾರೂ ಅಲ್ಲಿಯವರೆಗೆ ಕ್ರೂಸ್ ಹತ್ತಿದವರಲ್ಲ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳಿರುವ ಬಹಳಷ್ಟು ಮನೆಗಳು ಇದೇ ಯೋಚನೆಯಲ್ಲಿರುತ್ತವೆ, ಅದಕ್ಕೆ.

ಅವರು ತಂದಿದ್ದ ಪ್ಲ್ಯಾನ್ ಹೀಗಿತ್ತು. ಡಿಸೆಂಬರ್ ಕೊನೆಯ ವಾರ, ಸಿಂಗಾಪುರದಿಂದ ನಾಲ್ಕು ರಾತ್ರಿ, ಮಲೇಷ್ಯಾದ ಪೋರ್ಟ್ ಕ್ಲಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್. ನಾಲ್ಕೂ ಜನರಿಗೆ ಒಂದೇ ಬಾಲ್ಕನಿ ಕ್ಯಾಬಿನ್. ಮಗುವಿನ ಅಮ್ಮ ಫೋನಿನಲ್ಲಿ ಫೋಟೋಗಳನ್ನು ತೋರಿಸುತ್ತಾ ಹೋದರು. ಈಜುಕೊಳ, ಜಾರುಬಂಡಿ, ಮಕ್ಕಳ ಕ್ಲಬ್. "ಇವಳು ಬಕೆಟ್‌ನಲ್ಲಿ ನೀರು ಕಂಡರೂ ಬಿಡಲ್ಲ ಮೇಡಂ, ಇಡೀ ದಿನ ಪೂಲ್‌ನಲ್ಲೇ ಇರ್ತಾಳೆ ನೋಡಿ" ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಡೈಪರ್ ಬಿಟ್ಟಿದ್ದಾಳಾ?

ಮನೆಯಲ್ಲಿ ಅರ್ಧಂಬರ್ಧ ಬಿಟ್ಟಿದ್ದಳು. ಹೊರಗೆ ಹೊರಟರೆ ಹಾಕುತ್ತಿದ್ದರು.

ಹಾಗಾದರೆ ಆ ಫೋಟೋಗಳಲ್ಲಿ ಇದ್ದದ್ದರಲ್ಲಿ ಜಾಸ್ತಿ ಪಾಲು ಈ ಮಗುವಿಗೆ ಸಿಗುವುದೇ ಇಲ್ಲ. ದೊಡ್ಡ ಕ್ರೂಸ್ ಹಡಗುಗಳ ಪೂಲ್‌ಗಳಲ್ಲಿ ಡೈಪರ್ ಹಾಕುವ ಮಕ್ಕಳನ್ನು ಇಳಿಸುವಂತಿಲ್ಲ. ನೀರಿಗೆಂದೇ ಮಾಡಿದ ಸ್ವಿಮ್ ಡೈಪರ್ ಹಾಕಿದರೂ ಬಿಡುವುದಿಲ್ಲ. ಅಮೆರಿಕದ ಬಂದರಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮವೇ ಇದು. ಬೇರೆ ಕಡೆ ಓಡುವ ದೊಡ್ಡ ಹಡಗುಗಳಲ್ಲೂ ಸಾಮಾನ್ಯವಾಗಿ ಇದನ್ನೇ ಪಾಲಿಸುತ್ತಾರೆ. ಕಾರಣ ಸರಳ. ಒಂದು ಮಗು ನೀರಿನಲ್ಲಿ ಕಕ್ಕ ಮಾಡಿಕೊಂಡರೆ ಪೂಲ್ ಮುಚ್ಚಿ ಇಡೀ ನೀರನ್ನು ಶುದ್ಧ ಮಾಡಬೇಕು. ಮುಚ್ಚಿದ ಹಡಗಿನಲ್ಲಿ ಹೊಟ್ಟೆಯ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ಬೇಗ ದಾಟುತ್ತದೆ. ಕೆಲವು ಹಡಗುಗಳಲ್ಲಿ ಸ್ವಿಮ್ ಡೈಪರ್ ಹಾಕಿದ ಶಿಶುಗಳಿಗಾಗಿ ಪುಟ್ಟದೊಂದು ಚಿಮ್ಮುನೀರಿನ ಜಾಗ ಇರುತ್ತದೆ, ಅಷ್ಟೇ.

ಮಕ್ಕಳ ಕ್ಲಬ್‌ದೂ ಅದೇ ಕಥೆ. ಸಿಂಗಾಪುರದಿಂದಲೂ ಹಡಗು ಓಡಿಸುವ ರಾಯಲ್ ಕೆರಿಬಿಯನ್ ಕಂಪನಿಯ ಕ್ಲಬ್‌ಗೆ ಮಗುವಿಗೆ 3 ವರ್ಷ ತುಂಬಿರಬೇಕು, ತಾನೇ ಟಾಯ್ಲೆಟ್ ಬಳಸಲು ಕಲಿತಿರಬೇಕು. ಎರಡೂ ಬೇಕು. ಹಡಗು ಹತ್ತುವ ಕನಿಷ್ಠ ವಯಸ್ಸು ಬೇರೆ ಮಾತು, ಅದು ಬಹುತೇಕ ಪ್ರಯಾಣಗಳಿಗೆ 6 ತಿಂಗಳು. "ಆರು ತಿಂಗಳ ಮಗುವನ್ನೂ ಕರೆದುಕೊಂಡು ಹೋಗಬಹುದಂತೆ" ಅನ್ನುವ ಮಾತು ಕೇಳಿ ಜನ ಬುಕ್ ಮಾಡಿಬಿಡುತ್ತಾರೆ. ಹತ್ತಿಸಿಕೊಳ್ಳುತ್ತಾರೆ, ನಿಜ. ಹತ್ತಿದ ಮೇಲೆ ಆ ಮಗುವಿಗೆ ಏನಿದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಈ ಮಗುವಿನ ಹುಟ್ಟುಹಬ್ಬ ಜನವರಿಯಲ್ಲಿ. ಡಿಸೆಂಬರ್ ಕೊನೆಯಲ್ಲಿ ಹೋದರೆ ಕೆಲವೇ ವಾರಗಳ ಅಂತರದಲ್ಲಿ ಕ್ಲಬ್ ತಪ್ಪುತ್ತದೆ, ಪೂಲ್ ಅಂತೂ ತಪ್ಪೇ ತಪ್ಪುತ್ತದೆ. ನೀರು ಕಂಡರೆ ಬಿಡದ ಮಗುವನ್ನು ನಾಲ್ಕು ದಿನ ಪೂಲ್ ಪಕ್ಕದಲ್ಲಿ ಹಿಡಿದು ನಿಲ್ಲಿಸುವುದು ಯಾರಿಗೆ ರಜೆ? ನನ್ನ ಸಲಹೆ, ಮಾರ್ಚ್‌ಗೆ ಮುಂದೂಡಿ.

ಅಪ್ಪನಿಗೆ ಇದು ಇಷ್ಟವಾಗಲಿಲ್ಲ. ಡಿಸೆಂಬರಿನಲ್ಲಿ ಆಫೀಸ್ ಹೇಗೂ ಖಾಲಿ, ರಜೆ ಸಲೀಸಾಗಿ ಸಿಗುತ್ತದೆ. ಅವರ ಮಾತಿನಲ್ಲೂ ಅರ್ಥವಿತ್ತು. ಆದರೆ ಸಿಂಗಾಪುರದ ಶಾಲೆಗಳಿಗೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ ದೊಡ್ಡ ರಜೆ. ಹಡಗು ತುಂಬಿ ತುಳುಕುತ್ತದೆ, ದರವೂ ಏರಿರುತ್ತದೆ. ಅಲ್ಲಿ ನವೆಂಬರಿನಿಂದ ಜನವರಿಯವರೆಗೆ ಮಳೆಯೂ ಜಾಸ್ತಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಳೆ ಇಳಿಯುತ್ತದೆ. ಆದರೆ ಫೆಬ್ರವರಿ ಆಸುಪಾಸಿನಲ್ಲಿ ಚೀನೀ ಹೊಸವರ್ಷ ಬರುತ್ತದೆ, ಮಾರ್ಚ್ ಮಧ್ಯದಲ್ಲಿ ಅಲ್ಲಿನ ಶಾಲೆಗೆ ಒಂದು ವಾರ ರಜೆ. ಇವೆರಡರ ನಡುವೆ ಸಿಕ್ಕಿದ ಕಿಂಡಿ ಮಾರ್ಚ್ ಮೊದಲ ವಾರ. ಜೂನ್‌ನಲ್ಲಿ ಮಗು ನರ್ಸರಿಗೆ ಸೇರಬೇಕು, ಅದಕ್ಕೂ ಮೊದಲೇ ಆಗುತ್ತದೆ. ಕೊನೆಗೆ ಒಪ್ಪಿದ್ದು ಅಜ್ಜಿಯ ಮಾತಿಗೆ. "ನಾಲ್ಕು ತಿಂಗಳು ಟೈಮ್ ಕೊಡಿ, ನಾನು ಕಲಿಸ್ತೀನಿ ಅವಳಿಗೆ" ಅಂದರು. ಕಲಿಸಿದರು ಕೂಡ. ಜನವರಿ ಕೊನೆಗೆ ಹಗಲು ಹೊತ್ತು ಡೈಪರ್ ಇರಲಿಲ್ಲ. ರಾತ್ರಿ ಮಾತ್ರ ಹಾಕುತ್ತಿದ್ದರು, ಅದಕ್ಕೇನೂ ತೊಂದರೆ ಇಲ್ಲ.

ಮುಂದಿನದು ದಾರಿ. ಪೋರ್ಟ್ ಕ್ಲಾಂಗ್ ಅಂದರೆ ಕೌಲಾಲಂಪುರ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ. ಬಂದರಿನಿಂದ ನಗರಕ್ಕೆ ರಸ್ತೆಯಲ್ಲಿ ಒಂದು ಗಂಟೆಗೂ ಮೇಲೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಬಾಟು ಗುಹೆಯ ಮುರುಗನ್ ದೇವಸ್ಥಾನ ನೋಡಬೇಕು ಅಂತ ಅಜ್ಜಿಗೆ ಆಸೆಯಿತ್ತು. ಅಲ್ಲಿ 272 ಮೆಟ್ಟಿಲು. ಮಗುವನ್ನು ಎತ್ತಿಕೊಂಡು, ಮಂಡಿನೋವಿನ ಅಜ್ಜಿಯನ್ನು ಕರೆದುಕೊಂಡು, ಹಡಗು ಹೊರಡುವುದರೊಳಗೆ ವಾಪಸ್ ಬರುವ ಓಟ. ಫುಕೆಟ್‌ನಲ್ಲಿ ದೊಡ್ಡ ಹಡಗು ಬಹಳ ಸಲ ಪಾಟೊಂಗ್ ತೀರದ ಆಚೆ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತದೆ. ಮೊದಲ ಸಲಕ್ಕೆ ಅದು ಬೇಡ ಅಂದೆ.

ಬದಲಿಗೆ ಮೂರು ರಾತ್ರಿ, ಮಲೇಷ್ಯಾದ ಪೆನಾಂಗ್ ಒಂದೇ ನಿಲ್ದಾಣ. ಪೆನಾಂಗ್‌ನಲ್ಲಿ ಹಡಗು ಸ್ವೆಟ್ಟೆನ್‌ಹ್ಯಾಮ್ ಪಿಯರ್‌ಗೆ ನೇರವಾಗಿ ತಾಗಿ ನಿಲ್ಲುತ್ತದೆ. ಇಳಿದರೆ ಎದುರಿಗೇ ಜಾರ್ಜ್‌ಟೌನ್, 2008ರಲ್ಲಿ ಮೆಲಾಕ ಊರಿನ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು. ನಡೆದೇ ಲಿಟಲ್ ಇಂಡಿಯಾಗೆ ಹೋಗಬಹುದು. ಮಗು ಹಟ ಹಿಡಿದರೆ ನಡೆದೇ ವಾಪಸ್ ಬರಬಹುದು. ಮಗುವಿರುವವರಿಗೆ ಬಂದರು ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೆ ನಾನು ಇಡುವ ಅಳತೆ ಇದೇ: ಹೊರಟ ಹತ್ತು ನಿಮಿಷಕ್ಕೆ ಮನಸ್ಸು ಬದಲಾಯಿಸಿದರೆ ವಾಪಸ್ ಬರಲು ಎಷ್ಟು ಹೊತ್ತು? ಇನ್ನೊಂದು ಲಾಭವೂ ಇತ್ತು. ಪೆನಾಂಗ್‌ಗೆ ಹಡಗು ಹೋಗುವುದು ಮಲಕ್ಕಾ ಜಲಸಂಧಿಯಲ್ಲಿ. ಅದಕ್ಕೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಅಡ್ಡ ಇರುವುದರಿಂದ ತೆರೆದ ಸಮುದ್ರದ ದೊಡ್ಡ ಅಲೆಗಳು ಅಲ್ಲಿ ಕಡಿಮೆ. 2 ವರ್ಷ ದಾಟಿದ ಮಕ್ಕಳಿಗೆ ಪ್ರಯಾಣದ ವಾಂತಿ ಶುರುವಾಗುವ ವಯಸ್ಸು ಬೇರೆ. ಅದಕ್ಕೆ ಕ್ಯಾಬಿನ್ ಕೂಡ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಮಹಡಿಯಲ್ಲೇ ಹಿಡಿದೆವು. ತುದಿಗಳಲ್ಲಿ ಮತ್ತು ಮೇಲಿನ ಮಹಡಿಗಳಲ್ಲಿ ತೂಗಾಟ ಜಾಸ್ತಿ.

ಇನ್ನು ಕ್ಯಾಬಿನ್ ವಿಷಯ. ಇದರ ಮೇಲೆ ನಾವು ಬಹಳ ಹೊತ್ತು ಕೂತೆವು.

ನಾಲ್ಕು ಜನರಿಗೆ ಒಂದೇ ಕ್ಯಾಬಿನ್ ಅಗ್ಗ. ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೆಯ ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಆದರೆ ಮೂರನೆಯ, ನಾಲ್ಕನೆಯ ಹಾಸಿಗೆ ಅಂದರೆ ಬಹಳ ಕ್ಯಾಬಿನ್‌ಗಳಲ್ಲಿ ಸೋಫಾ, ಇಲ್ಲವೇ ಚಾವಣಿಯಿಂದ ಕೆಳಗಿಳಿಯುವ ಅಟ್ಟದ ಮಂಚ. ಏಣಿ ಹತ್ತಿ ಮಲಗಬೇಕು. ಮಗುವನ್ನು ಅಲ್ಲಿ ಮಲಗಿಸುವಂತಿಲ್ಲ, ಅಜ್ಜಿಗೆ ಹತ್ತಲಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ರಾತ್ರಿಯದು. ಮಗು ಮಲಗಿತು ಅಂದರೆ ದೀಪ ಆರಿಸಬೇಕು. ಮಿಕ್ಕ ಮೂವರು ಕತ್ತಲೆಯಲ್ಲಿ ಪಿಸುಮಾತಾಡುತ್ತಾ ಕೂರಬೇಕು.

ಹಾಗಾಗಿ ಎರಡು ಕ್ಯಾಬಿನ್. ಒಂದು ಬಾಲ್ಕನಿಯದು, ಒಂದು ಅದರ ಎದುರಿಗೇ ಕಾರಿಡಾರ್ ದಾಟಿದರೆ ಸಿಗುವ ಒಳಗಿನದು. ಒಳಗಿನ ಕ್ಯಾಬಿನ್‌ಗೆ ಕಿಟಕಿ ಇರುವುದಿಲ್ಲ. ಜನ ಅದನ್ನು ಬೇಡ ಅನ್ನುತ್ತಾರೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಮಗುವನ್ನು ಮಲಗಿಸಲು ಅಂಥ ಕತ್ತಲೆ ಬೇರೆಲ್ಲೂ ಸಿಗದು. ಮಧ್ಯಾಹ್ನದ ನಿದ್ದೆ ಅಜ್ಜಿಯ ಜೊತೆ ಅಲ್ಲಿ. ರಾತ್ರಿ ಮಗು ಅಪ್ಪ ಅಮ್ಮನ ಜೊತೆ ಬಾಲ್ಕನಿ ಕ್ಯಾಬಿನ್‌ನಲ್ಲಿ. ಅದು ಮಲಗಿದ ಮೇಲೆ ಗಾಜಿನ ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಸಮುದ್ರ ನೋಡುತ್ತಾ ಕೂರಬಹುದು. ಬಾಲ್ಕನಿಯಲ್ಲಿ ಒಂದು ಎಚ್ಚರ ಬೇಕೇ ಬೇಕು. ಕುರ್ಚಿಗಳನ್ನು ಕಟಕಟೆಯ ಹತ್ತಿರ ಇಡಬಾರದು, ಮಗು ಒಂಟಿಯಾಗಿ ಅಲ್ಲಿಗೆ ಹೋಗಬಾರದು, ಬಾಗಿಲಿನ ಮೇಲಿನ ಚಿಲಕ ಯಾವಾಗಲೂ ಬಿದ್ದಿರಬೇಕು. ಅಮ್ಮ ಹಗಲು ಹೊತ್ತು ಆ ಕುರ್ಚಿಗಳನ್ನು ಕ್ಯಾಬಿನ್ ಒಳಗೇ ತಂದಿಟ್ಟುಕೊಂಡಿದ್ದರಂತೆ. ಒಳ್ಳೆಯ ಕೆಲಸ.

ಎರಡು ಕ್ಯಾಬಿನ್ ಅಂದಾಗ ದರ ಹಾಕುವ ರೀತಿಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಅಪ್ಪ, ಅಮ್ಮ, ಮಗು ಒಂದರಲ್ಲಿ, ಅಜ್ಜಿ ಒಬ್ಬರೇ ಇನ್ನೊಂದರಲ್ಲಿ ಅಂತ ಬುಕ್ ಮಾಡಿದರೆ ಅಜ್ಜಿ ಒಂಟಿ ಪ್ರಯಾಣಿಕರಾಗುತ್ತಾರೆ. ಒಬ್ಬರೇ ಇದ್ದರೂ ಇಬ್ಬರ ದರವನ್ನೇ ಕೇಳುವುದು ಹೆಚ್ಚು. ಅದರ ಮೇಲೆ ಮಗುವಿಗೆ ಮೂರನೆಯವರ ದರ. ಬದಲಿಗೆ ಕಾಗದದ ಮೇಲೆ ಅಜ್ಜಿ ಮತ್ತು ಮಗು ಒಂದು ಕ್ಯಾಬಿನ್, ಅಪ್ಪ ಅಮ್ಮ ಇನ್ನೊಂದು ಅಂತ ಹಾಕಿದರೆ ನಾಲ್ಕು ದರಕ್ಕೆ ಮುಗಿಯಿತು, ಐದನೆಯದು ಉಳಿಯಿತು. ಒಳಗೆ ಹೋದ ಮೇಲೆ ಯಾರು ಎಲ್ಲಿ ಮಲಗುತ್ತಾರೆ ಅನ್ನುವುದು ಕುಟುಂಬದ ಇಷ್ಟ. ಇನ್ನೊಂದು ಕ್ಯಾಬಿನ್‌ನ ಕೀ ಕಾರ್ಡ್ ಅನ್ನು ಗೆಸ್ಟ್ ಸರ್ವೀಸ್ ಕೌಂಟರ್‌ನಲ್ಲಿ ಕೇಳಿ ಪಡೆದರು. ಮಗುವಿಗೆ ತೊಟ್ಟಿಲಿನಂಥ ಮಡಚುವ ಹಾಸಿಗೆ ಬೇಕು ಅಂತ ಬುಕಿಂಗ್ ಸಮಯದಲ್ಲೇ ಬರೆಸಿದ್ದೆವು.

ಕಾಣುವ ದರದ ಆಚೆಗೂ ಖರ್ಚಿದೆ. ಬಂದರು ಶುಲ್ಕ ತಲೆಗೆ ಇಷ್ಟು. ಸಿಬ್ಬಂದಿಯ ಟಿಪ್ಸ್ ತಲೆಗೆ ದಿನಕ್ಕೆ ಇಷ್ಟು ಅಂತ ಬಿಲ್ಲಿಗೆ ಸೇರುತ್ತದೆ, ಮಗುವಿಗೂ ಸೇರಿ. 2 ವರ್ಷ ದಾಟಿದ್ದರಿಂದ ವಿಮಾನದಲ್ಲಿ ಮಗುವಿಗೆ ಬೇರೆ ಸೀಟು. ವಿದೇಶ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ದುಡ್ಡು ಕಟ್ಟುವಾಗಲೇ ಮುಂಗಡ ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಕೊಡುವ ದಿನ ಕೈಯಲ್ಲಿ ಇರಬೇಕಲ್ಲ, ಅದಕ್ಕೇ ಹೇಳಿದೆ.

ಕಾಗದಪತ್ರ ಬೇಗ ಮುಗಿಯಿತು. ಮಗುವಿಗೆ ಪಾಸ್‌ಪೋರ್ಟ್ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಮಾಡಿಕೊಡುವ ಕೇಂದ್ರಗಳು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ಗುಜರಾತಿನ ದಾಹೋದ್‌ನಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ, ಹಾಗಾಗಿ ಬೆಂಗಳೂರಿಗೆ ಅಲೆಯುವ ಕೆಲಸ ಇರಲಿಲ್ಲ. 4 ವರ್ಷದೊಳಗಿನ ಮಗುವಿನ ಫೋಟೋವನ್ನು ನಾವೇ ತೆಗೆಸಿಕೊಂಡು ಹೋಗಬೇಕು, ಬಿಳಿ ಹಿನ್ನೆಲೆಯದು. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಗೆ ಅನೆಕ್ಷರ್ ಡಿ ಅನ್ನುವ ಫಾರಂ ತುಂಬಬೇಕು. ಸಿಂಗಾಪುರದ ವೀಸಾ ಬಗ್ಗೆ ಮಾತ್ರ ಒಂದು ಮಾತು. ಹಡಗು ಮಲೇಷ್ಯಾಗೆ ಹೋಗಿ ವಾಪಸ್ ಬರುವುದು ಅಂದರೆ ಸಿಂಗಾಪುರಕ್ಕೆ ಎರಡನೇ ಸಲ ಪ್ರವೇಶ. ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಅಂತ ಇದೆಯಾ ಅಂತ ನಾಲ್ಕೂ ಜನರದ್ದನ್ನು ಬೇರೆ ಬೇರೆಯಾಗಿ ನೋಡಿದೆವು.

ಇನ್ನು ಗಡಿಯಾರ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಪೆನಾಂಗ್‌ನಲ್ಲೂ ಅದೇ ಸಮಯ, ನಡುವೆ ಬದಲಾಗುವುದಿಲ್ಲ. ಹಡಗಿನ ದೊಡ್ಡ ಊಟದ ಹಾಲ್‌ನಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ. ಮಕ್ಕಳಿರುವವರು ಮೊದಲ ಪಂಕ್ತಿ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಸಂಜೆ ಆರರ ಸುಮಾರಿಗೆ. ಆಗ ಮೈಸೂರಿನಿಂದ ಹೊರಟ ಮಗುವಿನ ಹೊಟ್ಟೆಯಲ್ಲಿ ಮೂರೂವರೆ! ಮನೆಯಲ್ಲಾದರೆ ಹಾಲು ಕುಡಿದು ಆಡುತ್ತಿರುವ ಹೊತ್ತು. ಎಂಟು ಗಂಟೆಯ ಎರಡನೇ ಪಂಕ್ತಿ ಇವಳಿಗೆ ಐದೂವರೆ. ರಾತ್ರಿ ಹತ್ತಕ್ಕೆ ಮಲಗಿದರೆ ಮೈಸೂರಿನ ಏಳೂವರೆ. ಮೂರು ರಾತ್ರಿಗಾಗಿ ಮಗುವಿನ ಹೊತ್ತನ್ನು ಬದಲಾಯಿಸಲು ಸುಮ್ನೆ ಒದ್ದಾಡಬೇಡಿ, ಅವಳು ಮನೆಯ ಹೊತ್ತಿನಲ್ಲೇ ಇರಲಿ ಅಂದೆ. ಎರಡನೇ ಪಂಕ್ತಿ ಹಿಡಿದರು. ಬೆಳಿಗ್ಗೆ ಒಂಬತ್ತೂವರೆಗೆ ಎದ್ದು ತಿಂಡಿ ಮುಚ್ಚುವ ಮೊದಲು ಬಫೆಗೆ ಹೋದರು. ಸಂಜೆಯ ಹಾಡು ಕುಣಿತದ ಪ್ರದರ್ಶನವನ್ನು ಮಗು ಕಣ್ಣು ಬಿಟ್ಟುಕೊಂಡು ಪೂರ್ತಿ ನೋಡಿತು. ಪಕ್ಕದ ಸಾಲಿನ ಮಕ್ಕಳೆಲ್ಲ ಅಪ್ಪಂದಿರ ಹೆಗಲ ಮೇಲೆ ನಿದ್ದೆ ಹೋಗಿದ್ದರಂತೆ.

ಈ ಲೆಕ್ಕ ಕೈಕೊಡುವುದು ಇಳಿಯುವ ದಿನ ಮಾತ್ರ. ಬೆಳಿಗ್ಗೆ ಎಂಟರ ಸುಮಾರಿಗೆ ಕ್ಯಾಬಿನ್ ಬಿಡಬೇಕು. ಮಗುವಿಗೆ ಅದು ನಸುಕಿನ ಐದೂವರೆ. ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಡಬೇಕು. ಅದಕ್ಕೇ ಅಂದೇ ವಿಮಾನ ಬೇಡ, ಚಿಕ್ಕಪ್ಪನ ಮನೆಯಲ್ಲಿ ಒಂದು ದಿನ ಇದ್ದು ಹೊರಡಿ ಅಂತ ಇಟ್ಟೆವು. ಹೋಗುವಾಗಲೂ ಹಾಗೆಯೇ, ಒಂದು ದಿನ ಮೊದಲೇ ಸಿಂಗಾಪುರ ಸೇರಿದ್ದರು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಅಡುಗೆಮನೆಯ ಮಾತು. ಅಜ್ಜಿ ಎಲೆಕ್ಟ್ರಿಕ್ ಕೆಟಲ್, ಪುಳಿಯೋಗರೆ ಗೊಜ್ಜು, ರಾಗಿ ಸರಿ ಹಿಟ್ಟು ಕಟ್ಟಿಕೊಂಡಿದ್ದರು. ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಕಾಯುವ ಸಾಮಾನನ್ನು ಹಡಗಿಗೆ ಬಿಡುವುದಿಲ್ಲ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ಆಹಾರಕ್ಕೂ ಸಾಮಾನ್ಯವಾಗಿ ಅನುಮತಿ ಇಲ್ಲ. ಸೀಲ್ ಇರುವ ಪ್ಯಾಕೆಟ್ ನಡೆಯುತ್ತದೆ. ಹಾಗಾಗಿ ಗೊಜ್ಜು ಚಿಕ್ಕಪ್ಪನ ಮನೆಯಲ್ಲಿ ಉಳಿಯಿತು, ಅಂಗಡಿಯ ರಾಗಿ ಮಾಲ್ಟ್ ಪ್ಯಾಕೆಟ್ ಹಡಗು ಹತ್ತಿತು. ಬಿಸಿನೀರು ಬಫೆಯಲ್ಲಿ ಯಾವ ಹೊತ್ತಿಗೂ ಸಿಕ್ಕಿತು. ಸಸ್ಯಾಹಾರದ ಕೋರಿಕೆಯನ್ನು ಮೊದಲೇ ಬರೆಸಿದ್ದೆವು. ಅನ್ನ, ದಾಲ್, ಮೊಸರು ದಿನವೂ ಇತ್ತು. ಮಗುವಿಗೆ ಅಷ್ಟು ಸಾಕು.

ಕೈಚೀಲದ ಬಗ್ಗೆ ನಾನು ಗಟ್ಟಿಯಾಗಿ ಹೇಳಿದ್ದು ಒಂದು. ಟರ್ಮಿನಲ್‌ನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್‌ಗೆ ಬರುವ ಹೊತ್ತಿಗೆ ಸಂಜೆಯಾಗಬಹುದು. ಮಗುವಿನ ಈಜುಡುಗೆ, ಎರಡು ಜೊತೆ ಬಟ್ಟೆ, ಡೈಪರ್, ಔಷಧಿ, ಓಆರ್‌ಎಸ್, ಇವಿಷ್ಟು ಕೈಯಲ್ಲೇ ಇರಲಿ. ವಾಂತಿಗೆ ಮಕ್ಕಳ ಡಾಕ್ಟರ್ ಬರೆದುಕೊಟ್ಟದ್ದನ್ನೇ ತೆಗೆದುಕೊಂಡು ಹೋಗಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಫೀಸು ಡಾಲರ್ ಲೆಕ್ಕದಲ್ಲಿ ಕ್ಯಾಬಿನ್ ಬಿಲ್ಲಿಗೆ ಬೀಳುತ್ತದೆ. ಅದಕ್ಕೆ ಕ್ರೂಸ್ ಸೇರಿದ ಟ್ರಾವೆಲ್ ಇನ್ಶೂರೆನ್ಸ್. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಹಡಗಿನ ವಾಂತಿಭೇದಿಗೆ ಹೆಸರಾದ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಹೋಗಿಬಂದ ಮೇಲೆ ಅಮ್ಮ ಎಲ್ಲವನ್ನೂ ಹೇಳಿದರು. ಮೊದಲ ದಿನ ಸಿಬ್ಬಂದಿ ಮಗುವಿನ ಕೈಗೆ ಒಂದು ಪಟ್ಟಿ ಕಟ್ಟಿದರು. ತುರ್ತು ಹೊತ್ತಿನಲ್ಲಿ ಕುಟುಂಬ ಸೇರಬೇಕಾದ ಜಾಗದ ಗುರುತು ಅದರ ಮೇಲೆ ಇರುತ್ತದೆ, ಮಗು ಎಲ್ಲೇ ಇದ್ದರೂ ಅಲ್ಲಿಗೇ ಕರೆತರುತ್ತಾರೆ. ಮಗು ಅದನ್ನು ಬಳೆ ಅಂದುಕೊಂಡು ಬಿಚ್ಚಲೇ ಇಲ್ಲ.

ಎಡವಿದ್ದು ಯಾರೂ ಎಣಿಸದ ಜಾಗದಲ್ಲಿ. ಹಡಗಿನ ಟಾಯ್ಲೆಟ್‌ಗಳು ವಿಮಾನದಲ್ಲಿರುವ ಹಾಗೆ ಗಾಳಿಯ ಎಳೆತದಿಂದ ಕೆಲಸ ಮಾಡುತ್ತವೆ. ಬಟನ್ ಒತ್ತಿದರೆ ಗರ್ರೆಂದು ದೊಡ್ಡ ಸದ್ದು. ಮಗು ಇನ್ನೂ ಕೂತಿದ್ದಾಗಲೇ ಯಾರೋ ಒತ್ತಿಬಿಟ್ಟರು. ಹೆದರಿ ಚೀರಿದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಿಂಗಳುಗಟ್ಟಲೆ ಕಲಿಸಿದ್ದು ಒಂದೇ ಸದ್ದಿಗೆ ಹೋಯಿತಾ ಅಂತ ಅಮ್ಮನಿಗೆ ಅಳುವೇ ಬಂತಂತೆ. ಡೈಪರ್ ಹಾಕಿದರೆ ಪೂಲ್ ಇಲ್ಲ. ಅಜ್ಜಿಯೇ ದಾರಿ ಕಂಡುಕೊಂಡರು. "ಪುಟ್ಟಿ, ನೀನು ಮುಗಿಸಿ ಆಚೆ ಹೋಗಿ ಬಾಗಿಲು ಹಾಕು. ನೀನು ಹೇಳಿದ ಮೇಲೇ ನಾನು ಒತ್ತೋದು" ಅಂದರು. ಮಗು ಹೊರಗೆ ನಿಂತು, ಎರಡೂ ಕಿವಿ ಮುಚ್ಚಿಕೊಂಡು, "ಒತ್ತಜ್ಜೀ" ಅಂತ ಕೂಗುವುದು ಆಟವೇ ಆಯಿತು. ಆಮೇಲೆ ಪೂಲ್‌ಗೂ ಇಳಿದಳು. ಹೊಸದಾಗಿ ಟಾಯ್ಲೆಟ್ ಕಲಿತ ಮಗುವಿರುವವರಿಗೆ ಈಗ ನಾನು ಇದನ್ನು ಮೊದಲೇ ಹೇಳುತ್ತೇನೆ. ಮಡಚಿ ಚೀಲದಲ್ಲಿಡುವ ಪುಟ್ಟ ಸೀಟು ಕೂಡ ತೆಗೆದುಕೊಳ್ಳಲು ಹೇಳುತ್ತೇನೆ.

ಕ್ಲಬ್‌ನಲ್ಲಿ ಮೊದಲ ಸಲ ಅತ್ತು ವಾಪಸ್ ಬಂದಳು. ಮರುದಿನ, ಹಡಗು ಎಲ್ಲೂ ನಿಲ್ಲದ ದಿನ, ಅಜ್ಜಿ ಬಾಗಿಲಲ್ಲೇ ಕೂತಿರುತ್ತಾರೆ ಅಂದ ಮೇಲೆ ಒಳಗೆ ಹೋಗಿ ಆಡಿದಳು.

ಪೆನಾಂಗ್‌ನಲ್ಲಿ ಹಡಗು ತಾಗಿದ ಕೂಡಲೇ ಇಳಿಯಲಿಲ್ಲ. ಜನ ಎಲ್ಲ ಊರಿಗೆ ಹೋದಾಗ ಪೂಲ್ ಖಾಲಿ, ಆ ಹೊತ್ತನ್ನು ಅಲ್ಲೇ ಕಳೆದರು. ಬಿಸಿಲು ಇಳಿದ ಮೇಲೆ ನಡೆದು ಹೋಗಿ ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ್ ದೇವಸ್ಥಾನ ನೋಡಿದರು. 1833ರದ್ದು, ಆ ಊರಿನ ಅತಿ ಹಳೆಯ ಹಿಂದೂ ದೇವಸ್ಥಾನ. ಬಾಟು ಗುಹೆ ತಪ್ಪಿದ ಬೇಸರ ಅಜ್ಜಿಗೆ ಅಲ್ಲಿ ಹೋಯಿತು. ಪಕ್ಕದಲ್ಲೇ ದೋಸೆ. ಸ್ಟ್ರಾಲರ್ ಬಿಟ್ಟು ಮಗುವನ್ನು ಕ್ಯಾರಿಯರ್‌ನಲ್ಲಿ ಎತ್ತಿಕೊಂಡಿದ್ದು ಒಳ್ಳೆಯದಾಯಿತು. ಜಾರ್ಜ್‌ಟೌನಿನ ಹಳೆಯ ಅಂಗಡಿಗಳ ಮುಂದಿನ ಜಗಲಿಗಳು ಒಂದು ಎತ್ತರ, ಒಂದು ತಗ್ಗು, ಚಕ್ರ ಉರುಳುವುದಿಲ್ಲ. ಇಡೀ ಪ್ರಯಾಣದಲ್ಲಿ ತಲೆ ಸುತ್ತಿದ್ದು ಅಪ್ಪನಿಗೊಬ್ಬರಿಗೆ, ಅದೂ ಒಂದು ರಾತ್ರಿ.

ಈಗ ಅವರು ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನ ಬಗ್ಗೆ ಕೇಳುತ್ತಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಓಡಾಟ ಶುರು ಮಾಡಿದ, ಕೋರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು. ಪಾಸ್‌ಪೋರ್ಟ್ ಬೇಡ, ಊಟ ನಮ್ಮದೇ, ಖರ್ಚೂ ಕಡಿಮೆ. ಮೊದಲ ಕ್ರೂಸ್‌ಗೆ ಮುಂಬೈ–ಗೋವಾ ಆದರೆ ನಾನೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಲಕ್ಷದ್ವೀಪದ ಅಗತ್ತಿಯಲ್ಲಿ ಅಂಥ ಹಡಗು ದಡಕ್ಕೆ ತಾಗುವುದಿಲ್ಲ. ಹೊರಗೆ ನಿಲ್ಲುತ್ತದೆ, ಚಿಕ್ಕ ದೋಣಿ ಪಕ್ಕಕ್ಕೆ ಬರುತ್ತದೆ. ಅಲೆಗೆ ದೋಣಿ ಏರಿ ಇಳಿಯುತ್ತಿರುವಾಗ, ಸಿಬ್ಬಂದಿ ತೋಳು ಹಿಡಿದು "ಈಗ" ಅಂದ ಕ್ಷಣಕ್ಕೆ ಕಾಲಿಡಬೇಕು. ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಅದು ಕಷ್ಟ, ಅಜ್ಜಿಗೂ ಕಷ್ಟ. ಹೇಳಿದ ಮಾತು ಕೇಳಿ ತಾನೇ ಹೆಜ್ಜೆ ಇಡುವ ವಯಸ್ಸು ಮಗುವಿಗೆ ಬರಲಿ ಅಂದಿದ್ದೇನೆ. ಮಳೆಗಾಲ ಮುಗಿದು ಬರುವ ಈ ಸೀಸನ್ ಬೇಡ, ಅದರ ಮುಂದಿನದಕ್ಕೆ ನೋಡೋಣ ಅಂತ ಅಮ್ಮ ಒಪ್ಪಿದ್ದಾರೆ. ಅಜ್ಜಿ ಇನ್ನೂ ಒಪ್ಪಿಲ್ಲ.